ಗೋದಾಮಿನ ಸೂಪರ್‌ವೈಸರ್ ಮತ್ತು ಯಜಮಾನನ ಎಡಗಣ್ಣು

ವ್ಯಾಪಾರಿಯ ಕಣ್ಣಿನಲ್ಲಿ ಅಳೆದರೆ ಜೇಡಕ್ಕ ಹೀಗೆ: ಉದ್ದ ಒಂದೂವರೆ ಗಜದ ಮೇಲೊಂದು ಗೇಣು, ಅಗಲ ಕಡಿಮೆ. ನೂಲು ಒರಟು, ನೇಯ್ಗೆ ಬಿಗಿ. ಐವತ್ತೆಂಟು ವರ್ಷ ಬಿಸಿಲಿಗೆ ಹಾಕಿದ್ದರೂ ಬಣ್ಣ ಬಿಟ್ಟಿಲ್ಲ, ಕುಗ್ಗಿಲ್ಲ. ಯಾರ ಮುಂದೆಯೂ ಮಡಿಕೆ ಬೀಳುವ ಸರಕಲ್ಲ. ದೋಷ ಒಂದೇ, ಅದೂ ಎದುರಿಗೇ ಕಾಣುವಂಥದ್ದು: ಎಡಗಣ್ಣಿನ ಪಾಪೆಯ ಮೇಲೆ ಹಾಲಿನ ತೊಟ್ಟು ಬಿದ್ದಂಥ ಬಿಳಿ ಕಲೆ. ಇಂಥ ದೋಷವಿರುವ ಥಾನನ್ನು ಬಟ್ಟೆ ಅಂಗಡಿಯವರು ಗಾಜಿನ ಕಪಾಟಿನಲ್ಲಿಡುವುದಿಲ್ಲ. ಹಿಂದೆ, ಕಟ್‌ಪೀಸ್ ರಾಶಿಗೆ ಸೇರಿಸುತ್ತಾರೆ. ಅಂಗಡಿಯ ಯಜಮಾನ ಹನ್ನೆರಡು ವರ್ಷ ಆಕೆಯನ್ನು ಆ ರಾಶಿಯಲ್ಲೇ ಇಟ್ಟಿದ್ದ. ಅವನು ಸರಕಿನ ಗುಣ ಗುರುತಿಸುವುದರಲ್ಲಿ ತಪ್ಪುವುದು ಅಪರೂಪ. ತಪ್ಪಿದರೆ ಮಾತ್ರ ಅರ್ಧಂಬರ್ಧ ತಪ್ಪುವವನಲ್ಲ.

ಆ ಯಜಮಾನನೇ ಇದನ್ನು ಬರೆಯುತ್ತಿರುವವನು. ಆದರೆ ಈ ಕಥೆಯಲ್ಲಿ ಅವನ ಪಾಲು ಹೆಚ್ಚೆಂದರೆ ಒಂದು ಹಣೆ, ಒಂದು ಮೂಗು, ಒಂದು ಕಣ್ಣು. ಆದ್ದರಿಂದ ಅವನನ್ನು ‘ಅವನು’ ಎಂದರೆ ಸಾಕು.

ಅಂಗಡಿ ಕೆಳಗೆ, ಗೋದಾಮು ಮೇಲೆ. ನಡುವೆ ಹದಿನಾಲ್ಕು ಮರದ ಮೆಟ್ಟಿಲು, ಅದರಲ್ಲಿ ಒಂಬತ್ತನೆಯದು ಕಿರುಗುಟ್ಟುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಆ ಒಂಬತ್ತನೆಯ ಮೆಟ್ಟಿಲು ಕಿರುಗುಟ್ಟಿತೆಂದರೆ ಜೇಡಕ್ಕ ಕೆಲಸಕ್ಕೆ ಬಂದಳೆಂದು ಅರ್ಥ. ದಿನಕ್ಕೆ ನಾಲ್ಕು ಥಾನು ಇಳಿಸಿ, ಉದ್ದನೆಯ ಮೇಜಿನ ಮೇಲೆ ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ಮಡಿಕೆಗಳಲ್ಲಿ ಹುಳ ಸೇರಿದೆಯೇ ಎಂದು ನೋಡಿ, ಮತ್ತೆ ಸುತ್ತಿಡುವುದು ಆಕೆಯ ಕೆಲಸ. ಉಣ್ಣೆಯ ಬಟ್ಟೆಗೆ ಹುಳ ಹಿಡಿದರೆ ಒಂದು ತಿಂಗಳಲ್ಲಿ ಥಾನು ಜರಡಿಯಾಗುತ್ತದೆ.

ಗೋದಾಮಿನ ಗೋಡೆಯ ಮೇಲೆ ಇನ್ನೊಬ್ಬ ಕೆಲಸಗಾರನಿದ್ದ. ಅಂಗೈಯಷ್ಟು ಅಗಲದ, ಚಪ್ಪಟೆ ಮೈಯ, ಕಂದು ಬಣ್ಣದ ಜೇಡ. ಬಲೆ ಹೆಣೆಯುವ ಜಾತಿಯಲ್ಲ. ಹಗಲೆಲ್ಲ ಎಂಟು ಕಾಲು ಹರಡಿಕೊಂಡು, ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಸುಮ್ಮನೆ ಕೂತಿರುತ್ತದೆ. ಜಿರಲೆಯೊಂದು ಹತ್ತಿರ ಸುಳಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಜಿರಲೆ ಇರುವುದಿಲ್ಲ. ಜೇಡಕ್ಕ ಅದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟಿದ್ದಳು. ದಿನವಿಡೀ ಕೈಕಟ್ಟಿ ನೋಡುತ್ತ ಕೂರುವ ಉದ್ಯೋಗಕ್ಕೆ ಬೇರೆ ಹೆಸರು ಆಕೆಗೆ ಹೊಳೆದಿರಲಿಲ್ಲ.

“ಅಕ್ಕಾ, ಸೂಪರ್‌ವೈಸರ್ ಇವತ್ತು ಡ್ಯೂಟಿಗೆ ಬಂದಿದಾರಾ?” ಎಂದು ಗುಮಾಸ್ತ ಮೆಟ್ಟಿಲ ಕೆಳಗಿನಿಂದ ಕೇಳುತ್ತಿದ್ದ.

“ನಿನಗಿಂತ ಮುಂಚೆ ಬಂದಿದಾರೆ. ಟೀಗೂ ಎದ್ದು ಹೋಗಿಲ್ಲ.”

ಆಕೆ ಅದನ್ನು ಸಾಕಿದ್ದಳು ಎನ್ನುವುದು ಸುಳ್ಳು. ಮುದ್ದು ಮಾಡುತ್ತಿದ್ದಳು ಎನ್ನುವುದು ಇನ್ನೂ ದೊಡ್ಡ ಸುಳ್ಳು. ಅದರ ಪಾಡಿಗೆ ಅದನ್ನು ಬಿಟ್ಟಿದ್ದಳು, ಅಷ್ಟೇ. ಪೊರಕೆ ಹಿಡಿದ ಹೆಂಗಸು ಜೇಡವನ್ನು ಕೊಲ್ಲದೆ ಬಿಡುವುದು ಜನರಿಗೆ ವಿಚಿತ್ರವಾಗಿ ಕಂಡು, ಜೇಡಕ್ಕ ಎಂದು ಅಡ್ಡಹೆಸರು ಬಿತ್ತು. ಯಾಕೆ ಬಿಟ್ಟಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಯಜಮಾನನಂತೂ ಕೇಳಲಿಲ್ಲ. ಅವನಿಗೆ ಜೇಡವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಗೋದಾಮಿಗೆ ಹೋಗಬೇಕಾದಾಗ ಒಂಬತ್ತನೆಯ ಮೆಟ್ಟಿಲಲ್ಲಿ ನಿಂತು ಮೂರು ಸಲ ಕೆಮ್ಮುತ್ತಿದ್ದ. ಅದು ಗಂಟಲಿನ ತೊಂದರೆ ಎಂದು ಎಲ್ಲರೂ ನಂಬಿದಂತೆ ನಟಿಸುತ್ತಿದ್ದರು.

ಆ ವಾರ ಸೋಮವಾರ ಅವನು ಅಂಗಡಿಗೆ ಬಂದಾಗ ಕೂದಲು ಬಾಚಿರಲಿಲ್ಲ. ಹಣೆಯ ಎಡಭಾಗ ಉರಿಯುತ್ತಿದೆ, ಬಾಚಣಿಗೆ ತಾಗಿದರೆ ಸೂಜಿ ಚುಚ್ಚಿದ ಹಾಗಾಗುತ್ತದೆ ಎಂದು ಗುಮಾಸ್ತನ ಹತ್ತಿರ ಗೊಣಗಿದ. ಜೇಡಕ್ಕ ಆಗ ಬಾಗಿಲ ಬಳಿ ಕಸ ಗುಡಿಸುತ್ತಿದ್ದಳು. ದಿಂಬು ಸರಿಯಿಲ್ಲವೇನೋ ಎಂದು ಗುಮಾಸ್ತ ಹೇಳಿದ. ಮಾತು ಅಲ್ಲಿಗೇ ಮುಗಿಯಿತು.

ಬುಧವಾರ ಒಬ್ಬ ಗಿರಾಕಿ ಬೂದು ಬಣ್ಣದ ಉಣ್ಣೆ ಬಟ್ಟೆ ಕೇಳಿದ. ಜೇಡಕ್ಕ ಊಟಕ್ಕೆ ಹೋಗಿದ್ದಳು. ಯಜಮಾನನೇ ಹತ್ತಿದ, ಕೆಮ್ಮಿದ, ಮೇಲಿನ ಹಲಗೆಯಿಂದ ಥಾನನ್ನು ಎಳೆದ. ಥಾನಿನ ಹಿಂದೆ ವಿಶ್ರಾಂತಿಯಲ್ಲಿದ್ದ ಸೂಪರ್‌ವೈಸರ್ ನೇರ ಅವನ ಮುಖದ ಮೇಲೆ ಬಿದ್ದು, ಹಣೆಯ ಮೇಲೆ ಓಡಿ, ಕಿವಿಯ ಪಕ್ಕದಿಂದ ಇಳಿದು ಗೋಡೆ ಸೇರಿತು. ಅವನು ಹದಿನಾಲ್ಕು ಮೆಟ್ಟಿಲಲ್ಲಿ ಹೆಚ್ಚೆಂದರೆ ಮೂರನ್ನು ಮುಟ್ಟಿ ಕೆಳಗೆ ಬಂದ. ಗಿರಾಕಿ ಬಟ್ಟೆ ಕೊಳ್ಳದೆ ಹೋದ.

ಗುರುವಾರ ಬೆಳಗ್ಗೆ ಹಣೆಯ ಎಡಭಾಗದಲ್ಲಿ ಕೆಂಪು ಗುಳ್ಳೆಗಳು ಗುಂಪುಗುಂಪಾಗಿ ಎದ್ದಿದ್ದವು. ಯಜಮಾನನ ತಾಯಿ ಒಮ್ಮೆ ನೋಡಿದರು, ಎರಡನೆಯ ಸಲ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. “ಜೇಡ ಉಚ್ಚೆ ಹೊಯ್ದಿದೆ” ಎಂದರು. ಸೊಪ್ಪು ಅರೆದು ಹಚ್ಚಿದರು. ಔಷಧಿ ಅಂಗಡಿಯವನು ಕೂಡ ಜೇಡ ಎಂಬ ಮಾತು ಕೇಳಿಯೇ ಒಂದು ಮುಲಾಮು ಕೊಟ್ಟ. ಆ ದಿನ ಅವನು ಮನೆಯಲ್ಲೇ ಮಲಗಿದ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವನು ಅಂಗಡಿಗೆ ಬಂದ. ಎರಡೂವರೆಗೆ ಗುಮಾಸ್ತ ಹುಳದ ಔಷಧಿಯ ಸ್ಪ್ರೇ ಡಬ್ಬಿ ಹಿಡಿದುಕೊಂಡು ಗೋದಾಮಿಗೆ ಬಂದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ.

“ಏನಪ್ಪಾ ಇದು, ಬ್ಯಾಂಕ್ ದರೋಡೆಗೆ ಹೊರಟಿದೀಯಾ?” ಎಂದಳು ಜೇಡಕ್ಕ.

“ಯಜಮಾನ್ರ ಆರ್ಡರ್ ಅಕ್ಕ. ಒಂದು ಜೇಡಾನೂ ಉಳೀಬಾರದಂತೆ. ಅವರ ಮುಖಕ್ಕೆ ಉಚ್ಚೆ ಹೊಯ್ದಿದೆ ನಿಮ್ಮ ಸೂಪರ್‌ವೈಸರ್ರು.”

“ಮುಖಕ್ಕಾ? ಎಲ್ಲಿ?”

“ಹಣೆಗೆ. ಗುಳ್ಳೆ ನೋಡೋಕಾಗಲ್ಲ.”

“ಯಾವ ಕಡೆ?”

“ಎಡಗಡೆ.”

“ಬರೀ ಎಡಗಡೆನಾ? ಬಲಗಡೆ ಒಂದೂ ಇಲ್ವಾ?”

ಗುಮಾಸ್ತ ಯೋಚಿಸಿದ. “ಇಲ್ಲ. ಇಲ್ಲಿಗೆ ಬಂದು ನಿಂತುಬಿಟ್ಟಿದೆ” ಎಂದು ತನ್ನ ಹಣೆಯ ನಡುವೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. “ಸ್ಕೇಲ್ ಇಟ್ಟು ಗೆರೆ ಹೊಡೆದ ಹಾಗೆ.”

ಆಕೆ ಬ್ರಷ್ಷನ್ನು ಮೇಜಿನ ಮೇಲಿಟ್ಟಳು. ಹಾಲುಗಣ್ಣಿನ ಮೇಲಿನ ಹುಬ್ಬನ್ನು ಆಕೆ ತನಗೆ ಗೊತ್ತಿಲ್ಲದೆಯೇ ಮುಟ್ಟಿಕೊಂಡಳು.

ಆಕೆ ಮೊದಲಿನಿಂದ ಪೊರಕೆ ಹಿಡಿದವಳಲ್ಲ. ಈ ಯಜಮಾನನ ಅಪ್ಪನ ಕಾಲದಲ್ಲಿ ಅದೇ ಅಂಗಡಿಯ ಕಿಟಕಿ ಪಕ್ಕ ಕೂತು ರಫೂ ಮಾಡುತ್ತಿದ್ದವಳು. ಸಿಗರೇಟು ಸುಟ್ಟ ತೂತು, ಮೊಳೆಗೆ ಸಿಕ್ಕಿ ಹರಿದ ಮೊಣಕೈ, ಹುಳ ತಿಂದ ಕಾಲರ್, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಕಿತ್ತು, ಉದ್ದೆಳೆಯ ಹಾಸಿಗೆ ಹಾಸು, ಅಡ್ಡೆಳೆಯ ಹೊಕ್ಕಿಗೆ ಹೊಕ್ಕು ಸೇರಿಸಿ ನೇಯ್ದುಬಿಡುತ್ತಿದ್ದಳು. ಕೊಟ್ಟವರಿಗೇ ಹರಿದದ್ದು ಎಲ್ಲಿ ಎಂದು ಮರೆತುಹೋಗುತ್ತಿತ್ತು. ಹಿರಿಯ ಯಜಮಾನನ ಕಂದು ಬಣ್ಣದ ಉಣ್ಣೆ ಕೋಟಿನ ಮೊಣಕೈಯಲ್ಲಿ ಆಕೆ ಮುಚ್ಚಿದ ತೂತನ್ನು ಹುಡುಕಿ ತೋರಿಸಿದವರು ಈವರೆಗೆ ಇಲ್ಲ.

ಹದಿಮೂರು ವರ್ಷದ ಹಿಂದೆ ಆಕೆಯ ಹಣೆಯ ಎಡಭಾಗದಲ್ಲಿ ಹೀಗೇ ಉರಿ ಬಂತು, ಹೀಗೇ ಗುಳ್ಳೆ ಎದ್ದವು. ಮನೆಯ ಗೋಡೆಯ ಮೇಲೆ ಹೀಗೇ ಒಂದು ದೊಡ್ಡ ಜೇಡವಿತ್ತು. ಸಾಕಿದ ಚಿಕ್ಕಮ್ಮ, ಜೇಡ ಓಡಾಡಿದೆ ಎಂದರು, ಸೊಪ್ಪು ಅರೆದರು. ಏಳನೆಯ ದಿನ ಕಣ್ಣು ತೆರೆಯಲಾಗದೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ್ದು ಒಂದೇ ಮಾತು, “ಮೂರು ದಿನದೊಳಗೆ ಯಾಕೆ ಬರಲಿಲ್ಲ?” ಆ ಮಾತಿಗೆ ಉತ್ತರವಾಗಿ ಆಕೆ ಮನೆಗೆ ಬಂದು, ಉಳಿದೊಂದು ಕಣ್ಣಿನಲ್ಲಿ ಹುಡುಕಿ ಹುಡುಕಿ, ಚಪ್ಪಲಿಯಿಂದ ಹನ್ನೊಂದು ಜೇಡ ಕೊಂದಳು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ನಗಲಿಲ್ಲ. “ಜೇಡ ಏನೂ ಮಾಡಿಲ್ಲ ತಾಯಿ. ಇದು ಸರ್ಪಸುತ್ತು” ಎಂದರು.

ಕಣ್ಣು ಹೋದದ್ದಕ್ಕಿಂತ ಆ ಹನ್ನೊಂದು ಆಕೆಯನ್ನು ಹೆಚ್ಚು ಕಾಡಿದವು ಎಂದರೆ ಯಾರೂ ನಂಬುವುದಿಲ್ಲ. ಅಂದಿನಿಂದ ಆಕೆ ಜೇಡದ ಮೇಲೆ ಕೈ ಎತ್ತಿಲ್ಲ. ಸೂಜಿಗೆ ದಾರ ಪೋಣಿಸಲು ಆಗದೆ ಪೊರಕೆ ಹಿಡಿದಳು. ಹಿರಿಯ ಯಜಮಾನ ತೀರಿಕೊಂಡ ಮೇಲೆ ಮಗ, ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡು, ಕೇಳುವ ತೊಂದರೆಗೆ ಹೋಗದೆ, ಕಟ್‌ಪೀಸ್ ರಾಶಿಗೆ ಸೇರಿಸಿದ.

ಆಕೆ ಬೆರಳು ಮಡಿಸಿದಳು. ಗುಳ್ಳೆ ಎದ್ದದ್ದು ಗುರುವಾರ. ಇಂದು ಎರಡನೆಯ ದಿನ. ಎರಡು ಬೀದಿ ಆಚೆಯ ಕಣ್ಣಿನ ಆಸ್ಪತ್ರೆ ಐದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸೋಮವಾರ. ಸೋಮವಾರಕ್ಕೆ ಐದನೆಯ ದಿನ.

“ಡಬ್ಬಿ ಕೆಳಗಿಡು. ನಾನು ಬರೋವರೆಗೆ ಮುಟ್ಟಬೇಡ” ಎಂದು ಹೇಳಿ ಆಕೆ ಮೆಟ್ಟಿಲಿಳಿದಳು.

ಯಜಮಾನ ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ. ಹಣೆಗೆ ಬಿಳಿ ಕರವಸ್ತ್ರ ಕಟ್ಟಿದ್ದ. ಪಕ್ಕದ ಕುರ್ಚಿಯಲ್ಲಿ ಊಟದ ಡಬ್ಬಿ ತಂದ ತಾಯಿ. ಎದುರಿಗೆ ಒಳಪದರದ ಬಟ್ಟೆ ಆರಿಸುತ್ತಿದ್ದ ಹೆಂಗಸೊಬ್ಬರು. ಜೇಡಕ್ಕ ಕಂಬದ ಪಕ್ಕ ನಿಂತಳು. ಆ ಹೆಂಗಸು ನೀಲಿ ನೋಡಿದರು, ಕಡುನೀಲಿ ನೋಡಿದರು, ಮತ್ತೆ ಮೊದಲಿನ ನೀಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಿತು. ಕೊನೆಗೆ, ನಮ್ಮಕ್ಕನನ್ನು ಕೇಳಿಕೊಂಡು ನಾಳೆ ಬರುತ್ತೇನೆ ಎಂದು ಹೊರಟುಹೋದರು.

“ಯಜಮಾನ್ರೆ, ಆ ಕರವಸ್ತ್ರ ಬಿಚ್ಚಿ. ಹಣೆ ನೋಡಬೇಕು.”

“ನೋಡೋಕೆ ಏನಿದೆ? ನಿನ್ನ ಸೂಪರ್‌ವೈಸರ್ ಸಹಿ ಹಾಕಿದೆ.”

“ಬಿಚ್ಚಿ.”

ಆ ದನಿಯನ್ನು ಅವನು ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ. ಬಿಚ್ಚಿದ. ಗುಳ್ಳೆಗಳು ಕೂದಲಿನಂಚಿನಿಂದ ಹುಬ್ಬಿನವರೆಗೆ ಇಳಿದಿದ್ದವು, ಹಣೆಯ ನಟ್ಟನಡುವೆ ಬಟ್ಟೆಯ ಅಂಚಿನ ಹಾಗೆ ನೇರವಾಗಿ ನಿಂತಿದ್ದವು. ರೆಪ್ಪೆ ಸ್ವಲ್ಪ ಊದಿತ್ತು. ಕಣ್ಣಿನ ಬಿಳುಪಿನಲ್ಲಿ ಇನ್ನೂ ಅಷ್ಟೇನೂ ಕೆಂಪಿರಲಿಲ್ಲ. ಆದರೆ ಮೂಗಿನ ತುದಿಯ ಹತ್ತಿರ, ಎಡಪಕ್ಕಕ್ಕೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

“ಇದು ಯಾವಾಗ ಬಂತು?”

“ಯಾವುದು, ಮೂಗಿಂದಾ? ಬೆಳಗ್ಗೆ ಇರಲಿಲ್ಲ. ಮೊಡವೆ ಇರಬೇಕು.”

“ಐವತ್ತಕ್ಕೆ ಮೊಡವೆ ಬರೋಕೆ ನಿಮಗೇನು ಮದುವೆ ಗೊತ್ತಾಗಿದೆಯಾ?” ಎಂದಳು ಜೇಡಕ್ಕ. “ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಅಂತ ನನಗೆ ಡಾಕ್ಟರೇ ಹೇಳಿದ್ರು ಯಜಮಾನ್ರೆ. ಮೂಗಿಗೆ ಬಂತು ಅಂದ್ರೆ ಕಣ್ಣಿಗೂ ದಾರಿ ಸಿಕ್ಕಿದೆ ಅಂತ. ಈಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಇದು ಜೇಡ ಅಲ್ಲ, ಸರ್ಪಸುತ್ತು.”

ತಾಯಿ ಊಟದ ಡಬ್ಬಿಯ ಮುಚ್ಚಳ ಹಾಕುವುದನ್ನು ನಿಲ್ಲಿಸಿದರು. “ಏನೇ ನೀನು ಹೇಳೋದು? ಸರ್ಪಸುತ್ತು ಅಂದ್ರೆ ಸೊಂಟಕ್ಕೆ ಸುತ್ತೋದು. ಹೆಸರಲ್ಲೇ ಸುತ್ತು ಇದೆ. ಹಣೇಲಿ ಎಲ್ಲಿದೆ ಸುತ್ತು? ಅರ್ಧ ಬಂದು ನಿಂತಿದೆ.”

“ನಮ್ಮ ಚಿಕ್ಕಮ್ಮನೂ ಇದೇ ಮಾತು ಹೇಳಿದ್ರು ಅಮ್ಮಾವ್ರೆ. ಸುತ್ತು ಎಲ್ಲಿದೆ ಅಂತ. ಸುತ್ತು ಬರಲಿ ಅಂತ ಕಾದ್ವಿ. ಬರಲೇ ಇಲ್ಲ. ಕಣ್ಣು ಹೋಯ್ತು.”

ಆದರೆ ಯಜಮಾನ ವ್ಯಾಪಾರಿ. ಎದುರಿನವರು ಒಂದು ಸರಕನ್ನು ಹೊಗಳಿದರೆ ಅವರಿಗೆ ಅದರಲ್ಲಿ ಏನು ಲಾಭ ಎಂದು ಮೊದಲು ಯೋಚಿಸುವ ಜಾತಿ. ಅವನು ಹುಡುಕಿದ, ಲಾಭ ಸಿಕ್ಕಿತು.

“ಜೇಡ ಉಳಿಸಿಕೊಳ್ಳೋಕೆ ಏನೆಲ್ಲ ಕತೆ ಕಟ್ತೀಯ ಅಕ್ಕ. ಹೆದರಿಸಬೇಡ. ಗೋದಾಮಲ್ಲಿ ಅದಿರಬೇಕು, ಇಲ್ಲ ನೀನಿರಬೇಕು.”

“ಹೊಡೆಸಿ. ಎಲ್ಲಾನೂ ಹೊಡೆಸಿ. ಬೇಕಿದ್ರೆ ನಾನೂ ನಾಳೆಯಿಂದ ಬರಲ್ಲ. ಆದ್ರೆ ಇವತ್ತು ಕಣ್ಣು ತೋರಿಸಿ.”

“ಸೋಮವಾರ ನೋಡೋಣ.”

“ಸೋಮವಾರ ನಿಮಗೆ ಬಾಚಣಿಗೆ ತಾಗಿದ್ರೆ ಉರೀತಿತ್ತು, ನಾನೇ ಕೇಳಿಸಿಕೊಂಡೆ. ಜೇಡ ಬಿದ್ದದ್ದು ಬುಧವಾರ. ಕತ್ತರಿ ಹಾಕೋಕೆ ಎರಡು ದಿನ ಮುಂಚೆನೇ ಬಟ್ಟೆ ತುಂಡಾಗುತ್ತಾ?”

ಅವನು ಮುಖ ಗಂಟಿಕ್ಕಿಕೊಂಡು ಗಜಕೋಲನ್ನು ಒರೆಸತೊಡಗಿದ. ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು.

ಜೇಡಕ್ಕ ಮತ್ತೆ ಮೆಟ್ಟಿಲು ಹತ್ತಿದಳು. ಗುಮಾಸ್ತ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ. ಸೂಪರ್‌ವೈಸರ್ ಕಿಟಕಿಯ ಮೇಲಿನ ಗೋಡೆಯಲ್ಲಿತ್ತು. ಆಕೆ ಮೇಜು ಹತ್ತಿದಳು. ಜೇಡವನ್ನು ಕೊಲ್ಲದೆ ಇರುವುದು ಒಂದು, ಕೈಯಲ್ಲಿ ಹಿಡಿಯುವುದು ಬೇರೆಯೇ ಒಂದು. ಆಕೆ ಈವರೆಗೆ ಹಿಡಿದಿರಲಿಲ್ಲ. ಎರಡೂ ಕೈಯನ್ನು ಬಟ್ಟಲು ಮಾಡಿ ಗೋಡೆಗೆ ಒತ್ತಿದಳು. ಒಳಗೆ ಎಂಟು ಕಾಲು ಒಮ್ಮೆಲೇ ಬಡಿದವು.

“ಅಕ್ಕಾ, ನಿಮಗೆ ತಲೆ ಕೆಟ್ಟಿದೆ” ಎಂದ ಗುಮಾಸ್ತ.

“ದಾರಿ ಬಿಡು.”

ಆಕೆ ಅಂಗಡಿಗೆ ಇಳಿದು ಬಂದಾಗ ಯಜಮಾನ ಆ ಮುಚ್ಚಿದ ಕೈಗಳನ್ನು ನೋಡಿದ. ಒಳಗೇನಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು. ಅವನು ಥಾನುಗಳ ಸಾಲಿಗೆ ಬೆನ್ನು ಹಚ್ಚಿ ನಿಂತ.

“ಹತ್ತಿರ ಬರಬೇಡ. ಹೇಳ್ತಿದೀನಿ, ಹತ್ತಿರ ಬರಬೇಡ.”

“ಬರಲ್ಲ. ಅಲ್ಲೇ ನಿಂತು ನೋಡಿ. ನನಗಿರೋದು ಒಂದೇ ಕಣ್ಣು, ಈ ಬಲಗಣ್ಣು. ಜೇಡ ಓಡಾಡಿದ್ರೆ ಗುಳ್ಳೆ ಬರುತ್ತೆ, ಕಣ್ಣು ಹೋಗುತ್ತೆ ಅನ್ನೋದು ನಿಜ ಆದ್ರೆ ನಾನು ಹೀಗೆ ಮಾಡ್ತಿರಲಿಲ್ಲ.”

ಆಕೆ ಕೈಬಟ್ಟಲನ್ನು ಬಲಗಡೆಯ ಕೆನ್ನೆಗೆ ಒತ್ತಿ ಬೆರಳು ಸಡಿಲಿಸಿದಳು. ಜೇಡ ಹೊರಬಂದು ಹುಬ್ಬಿನ ಮೇಲೆ ನಿಂತಿತು. ಒಂದು ಕಾಲು ಆಕೆಯ ರೆಪ್ಪೆಯ ಮೇಲಿತ್ತು. ಆಕೆ ರೆಪ್ಪೆ ಮುಚ್ಚಲಿಲ್ಲ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಜೇಡ ಒಮ್ಮೆಲೇ ಹೊರಟಿತು. ಹುಬ್ಬಿನಿಂದ ಹಣೆಗೆ, ಹಣೆಯ ನಡುವಿಗೆ, ಅಲ್ಲಿಂದ ನಿಲ್ಲದೆ ಎಡಗಡೆಗೆ, ಹಾಲುಗಣ್ಣಿನ ಮೇಲಾಗಿ ಕಿವಿಯ ಬದಿಗೆ.

“ನೋಡಿದ್ರಾ” ಎಂದಳು ಆಕೆ ತುಟಿ ಅಲುಗಿಸದಂತೆ. “ನಡುಗೆರೆ ದಾಟಿ ಹೋಯ್ತು. ಅದಕ್ಕೆ ಅಳತೆ ಗೊತ್ತಿಲ್ಲ. ನಿಮ್ಮ ಹಣೆ ಮೇಲಿರೋದಕ್ಕೆ ಅಳತೆ ಗೊತ್ತು. ಅದು ನರದ ದಾರಿ ಬಿಟ್ಟು ಹೋಗಲ್ಲ.”

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಜೇಡ ಕುತ್ತಿಗೆಗೆ ಇಳಿಯುತ್ತಿತ್ತು, ರವಿಕೆಯೊಳಗೆ ಹೋದರೆ ಮರ್ಯಾದೆಯ ಪ್ರಶ್ನೆ. ಆಕೆ ಗಡಿಬಿಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಸೂಪರ್‌ವೈಸರ್‌ಗೂ ಸಹನೆಗೆ ಮಿತಿ ಇದೆ. ಕಚ್ಚಿತು.

“ಹಾ” ಎಂದಳು ಜೇಡಕ್ಕ. ಜೇಡವನ್ನು ಕಂಬದ ಮೇಲೆ ಬಿಟ್ಟಳು. ಅದು ಸರಸರನೆ ಹತ್ತಿ ಮಾಳಿಗೆಯ ಸಂದಿಯಲ್ಲಿ ಮಾಯವಾಯಿತು.

ಯಜಮಾನನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. “ಕಚ್ತಾ? ಕಚ್ಚೇಬಿಡ್ತಾ? ಇನ್ನೇನು ಗತಿ ಅಕ್ಕ?”

ಆಕೆಗೂ ಕಚ್ಚಿದರೆ ಏನಾಗುತ್ತದೆಂದು ಕೇಳಿ ಗೊತ್ತಿತ್ತು, ಕಚ್ಚಿಸಿಕೊಂಡು ಗೊತ್ತಿರಲಿಲ್ಲ. ಹೆಬ್ಬೆರಳು ಜೇನುನೊಣ ಕುಟುಕಿದ ಹಾಗೆ ಚುರುಗುಟ್ಟುತ್ತಿತ್ತು. ಆದರೆ ಆಕೆಯ ತಲೆ ಬೇರೆ ಕಡೆ ಓಡಿತು. ಎರಡು ಬಟ್ಟೆ ಒಂದೇ ಬಣ್ಣವೋ ಅಲ್ಲವೋ ಎಂದು ಅನುಮಾನ ಬಂದರೆ ಈ ಅಂಗಡಿಯಲ್ಲಿ ವಾದ ಮಾಡುವುದಿಲ್ಲ. ಎರಡನ್ನೂ ಬಾಗಿಲಿಗೆ ಒಯ್ದು, ಹಗಲಿನ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿಯುತ್ತಾರೆ. ಹಿರಿಯ ಯಜಮಾನ ಹಾಕಿಕೊಟ್ಟ ಪದ್ಧತಿ ಅದು. ಆಕೆ ಗೋಡೆಯ ಕನ್ನಡಿ ಕಿತ್ತುಕೊಂಡು ಬಾಗಿಲಿಗೆ ನಡೆದಳು.

“ಬನ್ನಿ ಬೆಳಕಿಗೆ. ನಿಮ್ಮಪ್ಪ ಹೇಗೆ ನೋಡ್ತಿದ್ರೋ ಹಾಗೆ ನೋಡಿ.”

ಅಪ್ಪನ ಹೆಸರು ಬಂದ ಮೇಲೆ ಅವನ ಕಾಲು ತಾನಾಗಿ ನಡೆಯಿತು. ಆಕೆ ಹೆಬ್ಬೆರಳನ್ನು ಕನ್ನಡಿಯ ಪಕ್ಕ ಹಿಡಿದಳು. “ಇದು ಜೇಡ ಕಚ್ಚಿದ್ದು. ಎರಡು ಚುಕ್ಕೆ, ಸುತ್ತ ಒಂದಿಷ್ಟು ಕೆಂಪು. ಅದು ನಿಮ್ಮ ಹಣೆ. ಒಂದೇ ಥಾನಿಂದಾ?”

ಅವನು ಹೆಬ್ಬೆರಳು ನೋಡಿದ. ಕನ್ನಡಿ ನೋಡಿದ. ಮತ್ತೆ ಹೆಬ್ಬೆರಳು ನೋಡಿದ. ಮೂವತ್ತು ವರ್ಷ ಬಟ್ಟೆ ಹೋಲಿಸಿದ ಕಣ್ಣು ಅವನ ಮಾತು ಕೇಳದೆ ತಾನೇ ತೀರ್ಪು ಕೊಟ್ಟಿತು.

“ಅಲ್ಲ” ಎಂದ.

“ಹಾಗಾದ್ರೆ ಚಪ್ಪಲಿ ಹಾಕಿಕೊಳ್ಳಿ.”

ನಾಲ್ಕು ಗಂಟೆಗೆ ಹೊರಟರು. ಎರಡೇ ಬೀದಿ. ಆದರೆ ಮೊದಲ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಆಕೆ ಅವನ ತೋಳು ಹಿಡಿದು ಲಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಗ್ಗಿಸಿದಳು. ಅವನು ಎರಡು ಸಲ ಎಡಗಣ್ಣು ಉಜ್ಜಲು ಕೈ ಎತ್ತಿದ, ಎರಡು ಸಲವೂ ಆಕೆ ಕೈಗೆ ಹೊಡೆದಳು. ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿದ್ದ ಹುಡುಗಿ ಇವತ್ತಿನ ಚೀಟಿ ಮುಗಿದಿದೆ ಎಂದಳು. ಜೇಡಕ್ಕ ತನ್ನ ಹಾಲುಗಣ್ಣನ್ನು ಕಿಟಕಿಯ ಹತ್ತಿರ ತಂದಳು. “ಇದು ಹೀಗೇ ಚೀಟಿ ಸಿಗದೆ ಆದದ್ದು ಕಣಮ್ಮಾ” ಎಂದಳು. ಅದು ಪೂರ್ತಿ ನಿಜವಲ್ಲ. ಚೀಟಿ ಸಿಕ್ಕಿತು.

ಡಾಕ್ಟರು ಕೂದಲು ಬಿಗಿದು ಕಟ್ಟಿದ, ಮಾತು ಕಡಿಮೆಯ ಹೆಂಗಸು. ಮೂಗಿನ ಚುಕ್ಕೆ ನೋಡಿದ್ದೇ ಕುರ್ಚಿ ಎಳೆದುಕೊಂಡರು. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ದೀಪ ಹಚ್ಚಿ, ಬಹಳ ಹೊತ್ತು ನೋಡಿದರು. ಜೇಡಕ್ಕ ಬಾಗಿಲ ಬಳಿ ನಿಂತು ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಹದಿಮೂರು ವರ್ಷದ ಹಿಂದೆ ಆ ಡಾಕ್ಟರು ದೀಪ ಆರಿಸಿದ ಮೇಲೆ ಮೊದಲು ಮಾಡಿದ್ದು ಕನ್ನಡಕ ತೆಗೆದು ಒರೆಸಿದ್ದು. ಈ ಡಾಕ್ಟರು ದೀಪ ಆರಿಸಿದರು. ಕನ್ನಡಕಕ್ಕೆ ಕೈ ಹಾಕಲಿಲ್ಲ.

“ಸರ್ಪಸುತ್ತು” ಎಂದರು. “ಕಣ್ಣಿನ ಮೇಲ್ಪದರಕ್ಕೆ ಈಗಷ್ಟೇ ಕೈ ಹಾಕಿದೆ. ಒಳಗೆ ಇಳಿದಿಲ್ಲ.”

“ಆದ್ರೆ ಡಾಕ್ಟ್ರೆ, ಸುತ್ತು ಎಲ್ಲಿದೆ?” ಎಂದ ಯಜಮಾನ. ಸಾಯುವ ಹೊತ್ತಿನಲ್ಲೂ ವ್ಯಾಪಾರಿ ಲೇಬಲ್ ಓದದೆ ಬಿಡುವುದಿಲ್ಲ.

“ಹೆಸರು ನೋಡಿ ಕಾಯಿಲೆ ಬರಲ್ಲ. ಚಿಕ್ಕವರಿದ್ದಾಗ ನಿಮಗೆ ಚಿಕನ್‌ಪಾಕ್ಸ್ ಬಂದಿತ್ತಲ್ವಾ? ಆ ವೈರಸ್ಸು ನರದ ಬುಡದಲ್ಲಿ ಮಲಗಿತ್ತು, ಈಗ ಎದ್ದಿದೆ. ಯಾವ ನರ ಹಿಡಿಯುತ್ತೋ ಆ ದಾರಿಯಲ್ಲಿ ಹೋಗುತ್ತೆ. ಸೊಂಟದ ನರ ಆದ್ರೆ ಸುತ್ತಿದ ಹಾಗೆ ಕಾಣುತ್ತೆ. ಹಣೆಯ ನರ ಆದ್ರೆ ಹೀಗೆ. ಇಷ್ಟು ಬೇಗ ಬಂದದ್ದು ಪುಣ್ಯ. ಯಾರು ಹೇಳಿದ್ರು ಬನ್ನಿ ಅಂತ?”

ಅವನು ಬಾಗಿಲ ಕಡೆ ಕೈ ತೋರಿಸಿದ. ಡಾಕ್ಟರು ಜೇಡಕ್ಕನ ಎಡಗಣ್ಣನ್ನು ನೋಡಿದರು. ಆಮೇಲೆ ಆಕೆಯ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಸೋಪು ಹಚ್ಚಿ ತೊಳೆಯಿರಿ, ತಣ್ಣೀರು ಬಟ್ಟೆ ಇಡಿ, ಊತ ಏರುತ್ತ ಹೋದರೆ ಮಾತ್ರ ಬಂದು ತೋರಿಸಿ ಎಂದರು.

“ವಿಷ ಇಲ್ವಾ?” ಎಂದ ಯಜಮಾನ.

“ಜಿರಲೆಗೆ ಸಾಕಾಗುವಷ್ಟಿದೆ. ಲೋಕದಲ್ಲಿ ಅಪಾಯದ ಜೇಡಗಳು ಇಲ್ಲ ಅಂತಲ್ಲ, ಬೆರಳೆಣಿಕೆಯಷ್ಟಿವೆ. ಗೋಡೆ ಮೇಲೆ ಕೂರೋ ಈ ದೊಡ್ಡದು ಅದರಲ್ಲಿ ಸೇರಲ್ಲ. ಗಾತ್ರ ನೋಡಿ ಹೆದರ್ತೀರಿ, ಅಷ್ಟೇ.”

ದಿನಕ್ಕೆ ಐದು ಸಲ ಮಾತ್ರೆ, ಕಣ್ಣಿಗೆ ಹನಿ, ಏಳು ದಿನ. ಮಾತ್ರೆ ಶುರುವಾದ ತಕ್ಷಣ ಎಲ್ಲ ಸರಿಹೋಯಿತು ಎಂದು ಬರೆದರೆ ಓದುವವರಿಗೆ ಹಿತ, ಆದರೆ ಹಾಗಾಗಲಿಲ್ಲ. ಶನಿವಾರ ಕಣ್ಣು ಕೆಂಡವಾಯಿತು. ಭಾನುವಾರ ರೆಪ್ಪೆ ಊದಿ ಮುಚ್ಚಿಕೊಂಡಿತು. ತಾಯಿ ಸೊಪ್ಪನ್ನು ಮತ್ತೆ ನೆನೆಸಿಕೊಂಡರು, ಆದರೆ ಅರೆಯಲಿಲ್ಲ. ಜೇಡಕ್ಕ ಎಂದೂ ಹೋಗದ ಯಜಮಾನನ ಮನೆಗೆ ದಿನಕ್ಕೆರಡು ಸಲ ಹೋದಳು, ಒಳಗೆ ಕೂರಲಿಲ್ಲ, ಹೊಸಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿ ಬರುತ್ತಿದ್ದಳು: ಬೆಳಕು ಕಾಣುತ್ತಾ? ಆಕೆಯ ಹೆಬ್ಬೆರಳು ಶನಿವಾರದ ಹೊತ್ತಿಗೇ ಮೊದಲಿನಂತಾಗಿತ್ತು. ಅವನ ಕಣ್ಣು ಬುಧವಾರದವರೆಗೆ ಯಾರಿಗೂ ನೆಮ್ಮದಿ ಕೊಡಲಿಲ್ಲ.

ಹತ್ತನೆಯ ದಿನ ಅವನು ಅಂಗಡಿಗೆ ಬಂದ. ಹಣೆಯ ಮೇಲೆ ಹಕ್ಕಳೆ ಉದುರಿ ತಿಳಿ ಗುಲಾಬಿ ಕಲೆಗಳಿದ್ದವು. ಡಾಕ್ಟರು ಗೋಡೆಯ ಅಕ್ಷರ ಓದಿಸಿ ಸರಿಯಾಗಿದೆ ಎಂದಿದ್ದರು. ಆದರೆ ಬಟ್ಟೆಯವನಿಗೆ ಗೋಡೆಯ ಅಕ್ಷರದಿಂದ ಸಮಾಧಾನವಿಲ್ಲ. ಅವನು ಕಪಾಟಿನ ತಳದಿಂದ ಅಪ್ಪನ ಕಂದು ಕೋಟು ತೆಗೆದ. ಬಾಗಿಲ ಬೆಳಕಿಗೆ ಒಯ್ದ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣೊಂದರಿಂದಲೇ ಮೊಣಕೈಯ ಎಳೆಗಳನ್ನು ಒಂದೊಂದಾಗಿ ನೋಡಿದ. ಹಾಸು ಕಂಡಿತು. ಹೊಕ್ಕು ಕಂಡಿತು. ನೂಲಿನ ಮೇಲಿನ ರೋಮವೂ ಕಂಡಿತು. ರಫೂ ಮಾಡಿದ ಜಾಗ ಮಾತ್ರ ಕಾಣಲಿಲ್ಲ.

ಅವನಿಗೆ ಗಾಬರಿಯಾಯಿತು. “ಅಕ್ಕಾ” ಎಂದು ಕೂಗಿದ. ಜೇಡಕ್ಕ ಒಂಬತ್ತನೆಯ ಮೆಟ್ಟಿಲವರೆಗೆ ಇಳಿದು ಬಂದಳು.

“ನೀವು ಮುಚ್ಚಿದ ತೂತು ಕಾಣ್ತಿಲ್ಲ. ಕಣ್ಣಿಗೆ ಇನ್ನೂ ಏನೋ ಇದೆ.”

“ಎರಡೂ ಕಣ್ಣಲ್ಲಿ ಹುಡುಕಿದ್ರೂ ನಿಮ್ಮಪ್ಪನಿಗೇ ಕಾಣಲಿಲ್ಲ” ಎಂದಳು ಜೇಡಕ್ಕ. “ಸುಮ್ನೆ ಕೂತ್ಕೊಳ್ಳಿ. ಮೇಲೆ ಸೂಪರ್‌ವೈಸರ್ ಕಾಯ್ತಿದಾರೆ.”

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ತನ್ನನ್ನು ‘ನೀವು’ ಎಂದು ಕರೆದದ್ದನ್ನು ಆಕೆ ಗಮನಿಸಿದಳೋ ಇಲ್ಲವೋ ತಿಳಿಯದು. ಮೆಟ್ಟಿಲು ಕಿರುಗುಟ್ಟಿತು. ಹುಳದ ಔಷಧಿಯ ಡಬ್ಬಿ ಇವತ್ತಿಗೂ ಗೋದಾಮಿನ ಮೇಜಿನ ಮೇಲೆ, ಒಮ್ಮೆಯೂ ಒತ್ತದೆ, ಥಾನುಗಳ ಮೇಲಿನ ಕಾಗದ ಹಾರದಂತೆ ಭಾರಕ್ಕೆ ಇದೆ.

ಇದನ್ನು ಬರೆದವನ ಎಡಗಣ್ಣು ಉಳಿದಿರುವುದು ಆಕೆಯಿಂದ. ಆಕೆಯ ಎಡಗಣ್ಣಿಗೆ ಏನಾಯಿತು ಎಂದು ಹನ್ನೆರಡು ವರ್ಷ ಒಮ್ಮೆಯೂ ಕೇಳದೆ ಇದ್ದದ್ದಕ್ಕೆ ಅವನು ಆಕೆಯ ಹತ್ತಿರ ಒಂದು ಕ್ಷಮೆ ಕೇಳಬೇಕಿದೆ. ಇನ್ನೂ ಕೇಳಿಲ್ಲ.